ಫಾರ್ಮ್‌ನಲ್ಲಿ ತಪ್ಪಿದ್ದರೆ ಸರ್ವರ್ 200 ಅನ್ನಬೇಕಾ, 422 ಅನ್ನಬೇಕಾ?

'ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ ಸಾರ್.' ಮೂಡಿಗೆರೆ ಕಡೆಯ ಹೋಮ್‌ಸ್ಟೇ ಒಂದರಿಂದ ಫೋನ್. ಬುಕಿಂಗ್ ಫಾರ್ಮ್ ಮಾಡಿಕೊಟ್ಟವನು ನಾನೇ. ಯಾರೋ ಹೊರಡುವ ತಾರೀಖನ್ನು ಬರುವ ತಾರೀಖಿಗಿಂತ ಮೊದಲು ಹಾಕಿ ಐದು ಸಲ ಒತ್ತಿದ್ದರು. ಸರ್ವರ್ ಐದು ಸಲವೂ ತಪ್ಪು ಹಿಡಿದು ಉತ್ತರ ಕಳಿಸಿತ್ತು. ಪರದೆ ಮೇಲೆ ಮಾತ್ರ ಒಂದಕ್ಷರ ಮೂಡಿರಲಿಲ್ಲ.

ಈ ಮೌನದ ಹಿಂದೆ ದೊಡ್ಡ ಕತೆಯಿದೆ. 1995ರಲ್ಲಿ ವೆಬ್ ಪೇಜ್ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 2.0 ಬಂದಾಗ ತಪ್ಪಾದರೆ ಇಡೀ ಪೇಜೇ ಮತ್ತೆ ಬರಬೇಕಿತ್ತು; 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಪೇಜ್ ಕದಲಿಸದೆ ಸರ್ವರ್ ಜೊತೆ ಮಾತಾಡಲು ದಾರಿ ಮಾಡಿತು; 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅನ್ನೋ ಡಿಸೈನರ್ ಅದಕ್ಕೆ ಏಜಾಕ್ಸ್ ಅಂತ ಹೆಸರಿಟ್ಟರು. ಖಾಲಿ ಬಿಟ್ಟ ಜಾಗವನ್ನು ಈಗ ಬ್ರೌಸರೇ ಹಿಡಿಯುತ್ತದೆ. ಆದರೆ ಆ ಶನಿವಾರ ರೂಮ್ ಖಾಲಿ ಇದೆಯಾ ಅನ್ನೋದು ಸರ್ವರ್‌ಗಷ್ಟೇ ಗೊತ್ತು, ಅಲ್ವಾ? ತೋಟದ ನಡುವೆ ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಇಡೀ ಪೇಜ್ ತರಿಸೋದಕ್ಕಿಂತ ಫಾರ್ಮ್‌ನ ತುಂಡನ್ನಷ್ಟೇ ತರಿಸೋದು ಲೇಸು.

ಗೋಜಲು ಶುರುವಾಗಿದ್ದು ಆ ತುಂಡಿನ ಜೊತೆ ಬರುವ ನಂಬರ್‌ನಿಂದ. ಕೇಳಿದ ಕೆಲಸ ಏನಾಯಿತು ಅಂತ ಸರ್ವರ್ ಪ್ರತಿ ಉತ್ತರದಲ್ಲೂ ಒಂದು ನಂಬರ್‌ನಲ್ಲಿ ಹೇಳುತ್ತದೆ. 200 ಅಂದರೆ ಎಲ್ಲ ಸರಿ. 422 ಅಂದರೆ ನೀವು ಹೇಳಿದ್ದು ಅರ್ಥವಾಯಿತು, ಆದರೆ ಒಪ್ಪಲಾಗದು. ಈ 422 ಹುಟ್ಟಿದ್ದು ವೆಬ್‌ಡಾವ್ ಅನ್ನೋ ಬೇರೆ ಕೆಲಸಕ್ಕೆ, ಅಂದರೆ ಸರ್ವರ್‌ನಲ್ಲಿರುವ ಫೈಲ್‌ಗಳನ್ನು ದೂರದಿಂದಲೇ ತಿದ್ದೋಕೆ. ಬ್ರೌಸರ್, ಸರ್ವರ್ ಮಾತಾಡುವ ಎಚ್‌ಟಿಟಿಪಿಯ ಮೂಲ ನಿಯಮದೊಳಗೆ ಸೇರಿದ್ದು 2022ರಲ್ಲಿ.

2020ರ ಕೊನೆಗೆ ಒಂದು ತಿಂಗಳ ಅಂತರದಲ್ಲಿ ಎಚ್‌ಟಿಎಂಎಕ್ಸ್ 1.0 ಮತ್ತು ಟರ್ಬೊ ಅನ್ನೋ ಎರಡು ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಬಂದವು. ಎರಡೂ ಸರ್ವರ್ ಕಳಿಸಿದ ತುಂಡನ್ನು ಪೇಜ್‌ಗೆ ಅಂಟಿಸುತ್ತವೆ. ಆದರೆ ಸ್ವಭಾವ ಉಲ್ಟಾ. ಫಾರ್ಮ್ ಕಳಿಸಿದಾಗ 200 ಬಂದರೆ ಟರ್ಬೊ ಗೊಣಗುತ್ತದೆ: ಬೇರೆ ಪೇಜ್‌ಗೆ ಕಳಿಸು, ಇಲ್ಲವೇ 422 ಕೊಡು. ಎಚ್‌ಟಿಎಂಎಕ್ಸ್ ನಾವು ಏನೂ ಹೇಳದಿದ್ದರೆ ತಪ್ಪು ಅಂತ ಹೇಳುವ 400, 500ರ ಸಾಲಿನ ಉತ್ತರಗಳನ್ನು ಅಂಟಿಸುವುದೇ ಇಲ್ಲ. ಅದರಲ್ಲೂ ಅರ್ಥವಿದೆ. ಸರ್ವರ್ ಕೆಟ್ಟಾಗ ಬರುವ ಉದ್ದನೆಯ ಎರರ್ ಪೇಜ್ ತಾರೀಖಿನ ಬಾಕ್ಸ್ ಕೆಳಗೆ ಬಂದು ಕೂತರೆ ಚೆನ್ನಾಗಿರಲ್ಲ.

ನಾನು ಬಳಸಿದ್ದು ಎಚ್‌ಟಿಎಂಎಕ್ಸ್, ಕಳಿಸಿದ್ದು 422. ಅವಸರಕ್ಕೆ ಸುಮ್ನೆ 200 ಮಾಡಿಬಿಟ್ಟೆ. ಕೆಂಪು ಸಾಲು ಬಂತು, ಮಾಲೀಕರು ಖುಷಿಯಾದರು. ವಾರ ಕಳೆದು ಸರ್ವರ್ ತನ್ನ ಉತ್ತರಗಳನ್ನು ಬರೆದಿಡುವ ಲಾಗ್ ನೋಡಿದರೆ ಎಲ್ಲವೂ 200! ಬುಕಿಂಗ್ ಆದದ್ದು ಯಾವುದು, ತಪ್ಪಾಗಿ ವಾಪಸ್ ಹೋದದ್ದು ಯಾವುದು ಅಂತ ಬೇರೆ ಮಾಡೋಕೇ ಆಗಲಿಲ್ಲ. ಎಷ್ಟೋ ಜನ ಇವತ್ತಿಗೂ 200ರಲ್ಲೇ ಕೆಲಸ ಸಾಗಿಸುತ್ತಾರೆ, ಸಾಗುತ್ತದೆ ಕೂಡ.

2024ರ ಎಚ್‌ಟಿಎಂಎಕ್ಸ್ 2.0ರಲ್ಲಿ ಯಾವ ನಂಬರ್‌ಗೆ ಅಂಟಿಸಬೇಕು ಅಂತ ಸೆಟಿಂಗ್‌ನಲ್ಲೇ ಹೇಳಬಹುದು. ನಾನು 422ಕ್ಕೆ ಮರಳಿದೆ. 'ಹೊರಡುವ ದಿನ ಬರುವ ದಿನಕ್ಕಿಂತ ಮೊದಲಿದೆ' ಅನ್ನೋ ಸಾಲು ಈಗ ಬಾಕ್ಸ್ ಕೆಳಗೇ ಬರುತ್ತದೆ, ಬರೆದ ಹೆಸರು, ನಂಬರ್ ಹಾಗೇ ಉಳಿಯುತ್ತವೆ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳಲಿ ಅಂತ ಆ ಸಾಲಿಗೆ ಅಲರ್ಟ್ ಅನ್ನೋ ರೋಲ್ ಕೊಟ್ಟಿದ್ದೇನೆ. ಫಾರ್ಮ್ ತುಂಡು ಬದಲಾದಾಗ ಕರ್ಸರ್ ಬಾಕ್ಸ್‌ನಿಂದ ಹಾರಿಹೋಗುತ್ತದೆ ನೋಡಿ, ಆ ಕೆಲಸ ಬಾಕಿ ಇದೆ.