ಸೀಸರ್ ಸರಿಯೋ, ಕೈಸರ್ ಸರಿಯೋ?

ಪ್ರಶ್ನೆ: ಲ್ಯಾಟಿನ್ ಅಕ್ಷರಗಳನ್ನು ನಿಜಕ್ಕೂ ಹೇಗೆ ಓದಬೇಕು? ಕೆಲವರು ಸೀಸರ್ ಅಂತಾರೆ, ಕೆಲವರು ಕೈಸರ್ ಅಂತಾರೆ. ಯಾವುದು ಸರಿ?

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಇಷ್ಟು ದಿನ ತುಂಡು ತುಂಡಾಗಿ ಉತ್ತರ ಕೊಟ್ಟಿದ್ದೇನೆ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಇಂಗ್ಲಿಷ್‌ನಲ್ಲಿ ಮಾತಾಡುವಾಗ ಸೀಸರ್ ಅನ್ನಿ, ತಪ್ಪೇನಿಲ್ಲ. ಚರ್ಚಿನ ಲ್ಯಾಟಿನ್‌ನಲ್ಲಿ ಇಟಾಲಿಯನ್ ರೀತಿಯಲ್ಲಿ ಚೇಸರ್ ಅನ್ನುತ್ತಾರೆ. ಈ ರೀತಿಗೆ 1912ರಲ್ಲಿ ಹತ್ತನೇ ಪಯಸ್ ಪೋಪರ ಪತ್ರದಿಂದ ಇನ್ನಷ್ಟು ಬಲ ಬಂತು. ಗಿಡಮರಗಳ ವೈಜ್ಞಾನಿಕ ಹೆಸರುಗಳ ಬಗ್ಗೆ ಕೇಳುವ ವಿದ್ಯಾರ್ಥಿಗಳೇ, ಅಲ್ಲಿ ಬರವಣಿಗೆಗೆ ಕಟ್ಟುನಿಟ್ಟಾದ ನಿಯಮವಿದೆ, ಉಚ್ಚಾರಕ್ಕೆ ಇಲ್ಲ. ನಿಮ್ಮ ಮೇಷ್ಟ್ರು ಹೇಳಿದಂತೆ ಹೇಳಿ.

ಆದರೆ ಲ್ಯಾಟಿನ್ ಮಾತಾಡುತ್ತಿದ್ದ ಆ ರೋಮನ್ ನಾಯಕ ಬದುಕಿದ್ದಾಗ ತನ್ನ ಹೆಸರನ್ನು ಹೇಗೆ ಹೇಳುತ್ತಿದ್ದ ಎಂಬುದು ನಿಮ್ಮ ಪ್ರಶ್ನೆಯಾದರೆ, ಉತ್ತರ ಕೈಸರ್. ಯೂಲಿಯುಸ್ ಕೈಸರ್. ಅವನ ಕಾಲದಲ್ಲಿ ‘ಸಿ’ ಅಂದರೆ ಕ್, ಮುಂದೆ ಯಾವ ಸ್ವರ ಬಂದರೂ ಕ್. ‘ಜಿ’ ಅಂದರೆ ಗ್. ‘ಜೆ’ ಅನ್ನುವ ಅಕ್ಷರವೇ ಇರಲಿಲ್ಲ, ‘ಐ’ ಅಕ್ಷರವೇ ಯ್ ಕೆಲಸವನ್ನೂ ಮಾಡುತ್ತಿತ್ತು. ‘ವಿ’ ಮತ್ತು ‘ಯು’ ಒಂದೇ ಅಕ್ಷರ: ಸ್ವರವಾದಾಗ ಉ, ವ್ಯಂಜನವಾದಾಗ ಉ ಅನ್ನುವಂತೆ ತುಟಿ ದುಂಡಗೆ ಮಾಡಿ ಹೇಳುವ ವ್. ಇನ್ನು ಸ್ವರಗಳು: ಅ ಆ, ಇ ಈ, ಉ ಊ, ಎ ಏ, ಒ ಓ. ನಮ್ಮ ಹತ್ತೂ ಅಲ್ಲಿವೆ! ಹಿಂದಿಯವರಿಗೆ ಹ್ರಸ್ವ ಎ, ಒ ಕಷ್ಟ. ಇಂಗ್ಲಿಷರಿಗೆ ಲ್ಯಾಟಿನ್‌ನಲ್ಲಿ ಬರುವ ಕ್ಕ, ಲ್ಲದಂಥ ಒತ್ತಕ್ಷರ ಕಷ್ಟ. ಕನ್ನಡದವರಿಗೆ ಎರಡೂ ಸಲೀಸು. ಈ ವಿಷಯದಲ್ಲಿ ನನಗೆ ಹೆಮ್ಮೆಯಿದೆ.

ಇಷ್ಟು ಹೇಳಿದ ಕೂಡಲೇ ಒಂದು ಮಾತು ಬಂದೇ ಬರುತ್ತದೆ. ‘ಎರಡು ಸಾವಿರ ವರ್ಷದ ಹಿಂದಿನ ಮಾತು ಸಾರ್, ಆಗೇನು ರೆಕಾರ್ಡಿಂಗ್ ಇತ್ತಾ? ಎಲ್ಲ ಸುಮ್ನೆ ಊಹೆ.’ ಓದಿಕೊಂಡವರೂ ಇದನ್ನೇ ಹೇಳುತ್ತಾರೆ. ಇದು ತಪ್ಪು. ರೆಕಾರ್ಡಿಂಗ್ ಇಲ್ಲ ನಿಜ, ಆದರೆ ಸಾಕ್ಷಿ ರಾಶಿ ರಾಶಿ ಇದೆ.

ಮೊದಲು ಅಕ್ಕಪಕ್ಕದವರನ್ನು ಕೇಳೋಣ. ಗ್ರೀಕರು ರೋಮನ್ನರ ಹೆಸರುಗಳನ್ನು ತಮ್ಮ ಲಿಪಿಯಲ್ಲಿ, ಕಿವಿಗೆ ಬಿದ್ದಂತೆ ಬರೆದುಕೊಂಡರು. ಅವರ ಹತ್ತಿರ ಸ್ ಧ್ವನಿಗೆ ಸಿಗ್ಮಾ ಇತ್ತು, ಕ್ ಧ್ವನಿಗೆ ಕಪ್ಪಾ ಇತ್ತು. ರೋಮಿನ ವಾಗ್ಮಿ ಸಿಸೆರೋ ಹೆಸರನ್ನು ಅವರು ಬರೆದದ್ದು ಕಪ್ಪಾದಿಂದ: ಕಿಕೆರೋನ್. ಸೀಸರ್ ಹೆಸರನ್ನು ಬರೆದದ್ದೂ ಕಪ್ಪಾದಿಂದ: ಕೈಸರ್. ಹೊಸ ಒಡಂಬಡಿಕೆ ಗ್ರೀಕ್‌ನಲ್ಲಿತ್ತು. ಹಾಗಾಗಿಯೇ ಇವತ್ತಿಗೂ ಕನ್ನಡ ಬೈಬಲ್‌ನಲ್ಲಿ ತೆರಿಗೆ ಕೊಡುವ ಪ್ರಸಂಗ ಬಂದಾಗ ಕೈಸರ ಅಂತಲೇ ಇದೆ.

ಉತ್ತರದ ಜರ್ಮನ್ ಬುಡಕಟ್ಟುಗಳೂ ಬಹಳ ಹಿಂದೆಯೇ ರೋಮನ್ನರಿಂದ ಪದಗಳನ್ನು ಎತ್ತಿಕೊಂಡವು. ಚಕ್ರವರ್ತಿಗೆ ಕೈಸರ್, ನೆಲಮಾಳಿಗೆಗೆ ಕೆಲ್ಲರ್, ಪೆಟ್ಟಿಗೆಗೆ ಕಿಸ್ಟೆ. ಲ್ಯಾಟಿನ್‌ನಲ್ಲಿ ಇವೆಲ್ಲ ‘ಸಿ’ಯಿಂದ ಶುರುವಾಗುವ ಪದಗಳೇ. ಸಾರ್ಡಿನಿಯಾ ದ್ವೀಪದ ನಡುಭಾಗದ ಜನ ಈಗಲೂ ನೂರಕ್ಕೆ ಕೆಂಟು ಅನ್ನುತ್ತಾರೆ. ಅದೇ ಪದ ಇಟಲಿಯಲ್ಲಿ ಚೆಂಟೊ ಆಯಿತು, ಫ್ರಾನ್ಸಿನಲ್ಲಿ ಸ್ ಹಿಡಿಯಿತು. ಬದಲಾವಣೆ ಆದದ್ದು ಸಾಮ್ರಾಜ್ಯದ ಕೊನೆಗಾಲದಲ್ಲಿ ಮತ್ತು ಆಮೇಲೆ. ಇಂಗ್ಲಿಷಿನ ಸೀಸರ್ ಬಂದದ್ದು ಆ ಫ್ರೆಂಚ್ ದಾರಿಯಿಂದಲೇ.

ಇದೆಲ್ಲ ಪರೋಕ್ಷ ಸಾಕ್ಷಿ ಅನ್ನುವಿರಾ? ಕ್ರಿ.ಶ. ಒಂದನೇ ಶತಮಾನದ ಕ್ವಿಂಟಿಲಿಯನ್ ರೋಮಿನಲ್ಲಿ ಭಾಷಣಕಲೆ ಕಲಿಸುತ್ತಿದ್ದ ಮೇಷ್ಟ್ರು. ‘ಕೆ’ ಅಕ್ಷರ ಯಾಕೆ ಬೇಕು, ‘ಸಿ’ ಎಲ್ಲ ಸ್ವರಗಳ ಮುಂದೆಯೂ ತನ್ನ ಧ್ವನಿಯನ್ನು ಉಳಿಸಿಕೊಳ್ಳುತ್ತದಲ್ಲ ಎಂಬ ಅರ್ಥದಲ್ಲಿ ಅವನು ಬರೆದಿಟ್ಟಿದ್ದಾನೆ. ಎಲ್ಲ ಸ್ವರಗಳ ಮುಂದೆಯೂ! ಇದಕ್ಕಿಂತ ನೇರವಾದ ಸಾಕ್ಷಿ ಬೇಕಾ?

‘ವಿ’ಯ ವಿಷಯಕ್ಕೆ ಬರೋಣ. ಕ್ರಿ.ಪೂ. 55ರಲ್ಲಿ ಕ್ರಾಸಸ್ ಎಂಬ ಸೇನಾಪತಿ ಪಾರ್ಥಿಯನ್ನರ ಮೇಲೆ ಯುದ್ಧಕ್ಕೆ ಹೊರಟಿದ್ದ. ಬ್ರುಂಡಿಸಿಯಮ್ ಬಂದರಿನಲ್ಲಿ ಒಬ್ಬ ಅಂಜೂರ ಮಾರುತ್ತಿದ್ದ. ಕೌನಸ್ ಊರಿನ ಅಂಜೂರಕ್ಕೆ ಆಗ ಒಳ್ಳೆಯ ಹೆಸರು. ಅದಕ್ಕೇ ಅವನು ‘ಕೌನೆಆಸ್’ ಎಂದು ಕೂಗಿದ. ಅದು ‘ಕವೆ ನೆ ಎಆಸ್’ ಎಂದೂ ಕೇಳಿಸಿತು. ಹಾಗೆಂದರೆ ‘ಹೋಗಬೇಡ, ಹುಷಾರು’. ಕ್ರಾಸಸ್ ಆ ಶಕುನ ನೋಡದೆ ಹೋದ, ಕ್ರಿ.ಪೂ. 53ರಲ್ಲಿ ಕಾರ್ರೇ ಯುದ್ಧದಲ್ಲಿ ಸತ್ತ. ಸಿಸೆರೋ ಈ ಕಥೆ ಹೇಳಿದ್ದು ಶಕುನದ ಚರ್ಚೆಗಾಗಿ. ಆದರೆ ನಮಗೆ ಅದು ಬೇರೆಯದನ್ನೇ ಹೇಳುತ್ತದೆ. ಬಾಯಿಮಾತಿನಲ್ಲಿ ಕೊನೆಯ ಸ್ವರ ನುಂಗಿದರೆ ‘ಕವೆ’ ಎಂಬುದು ‘ಕೌ’ ಆಗುತ್ತಿತ್ತು. ‘ವಿ’ಯನ್ನು ಈಗಿನ ಇಂಗ್ಲಿಷಿನಂತೆ ತುಟಿಗೆ ಹಲ್ಲು ತಾಗಿಸಿ ಹೇಳುತ್ತಿದ್ದರೆ ಇವೆರಡು ಒಂದೇ ಥರ ಕೇಳಿಸುವುದು ಹೇಗೆ?

ಸ್ವರಗಳ ಉದ್ದಕ್ಕೆ ಸಾಕ್ಷಿ ಕಾವ್ಯ. ಇದು ನಮಗೆ ತೀರಾ ಪರಿಚಿತ ಜಾಗ. ಲ್ಯಾಟಿನ್ ಛಂದಸ್ಸು ನಿಂತಿರುವುದು ಗುರು-ಲಘುವಿನ ಮೇಲೆ. ದೀರ್ಘ ಸ್ವರವಿದ್ದರೆ ಗುರು, ಮುಂದೆ ಎರಡು ವ್ಯಂಜನ ಬಂದರೂ ಗುರು. ರೋಮಿನ ಕವಿ ವರ್ಜಿಲನ ಸಾಲಿನಲ್ಲಿ ಬರುವ ಡ್ಯಾಕ್ಟಿಲ್ ಅನ್ನುವುದು ಒಂದು ಗುರು, ಎರಡು ಲಘು. ಅಂದರೆ ನಮ್ಮ ಭಗಣ. ಮಲುಮ್ ಅಂದರೆ ಕೇಡು, ಮಾಲುಮ್ ಅಂದರೆ ಸೇಬು. ಬರವಣಿಗೆಯಲ್ಲಿ ಎರಡೂ ಒಂದೇ. ಆದರೆ ಪದ್ಯಕ್ಕೆ ಪ್ರಸ್ತಾರ ಹಾಕಿದರೆ ಎಲ್ಲಿ ಯಾವುದು ಎಂದು ಗೊತ್ತಾಗಿಬಿಡುತ್ತದೆ.

ಎಲ್ಲಕ್ಕಿಂತ ನನಗೆ ಇಷ್ಟವಾದ ಸಾಕ್ಷಿ ತಪ್ಪುಗಳು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೆ ಎಂಬ ರೋಮನ್ ಊರಿನ ಗೋಡೆಯ ಮೇಲೆ ಯಾರೋ ‘ಪ್ರೀತಿಸುವವರು ಚೆನ್ನಾಗಿರಲಿ’ ಎಂದು ಗೀಚಿದ್ದಾರೆ. ‘ಅಮತ್’, ‘ವಲೆಅತ್’ ಎಂದು ಬರೆಯಬೇಕಾದಲ್ಲಿ ‘ಅಮ’, ‘ವಲಿಅ’ ಎಂದಿದೆ. ಆ ಕೈ ಬರೆದದ್ದು ವ್ಯಾಕರಣವನ್ನಲ್ಲ, ಬೀದಿಯ ಮಾತನ್ನು. ಇನ್ನು ಕವಿ ಕಟುಲ್ಲಸ್ ಅರ್ರಿಯುಸ್ ಎಂಬವನನ್ನು ಗೇಲಿ ಮಾಡುತ್ತಾನೆ. ಅವನು ಶುದ್ಧವಾಗಿ ಮಾತಾಡುವ ಹುರುಪಿನಲ್ಲಿ ‘ಇನ್‌ಸಿದಿಆಸ್’ ಅನ್ನುವ ಬದಲು ‘ಹಿನ್‌ಸಿದಿಆಸ್’ ಅನ್ನುತ್ತಿದ್ದನಂತೆ. ನಮ್ಮಲ್ಲಿ ಆದರದ ಸ್ವಾಗತವನ್ನು ಹಾದರದ ಸ್ವಾಗತ ಮಾಡುತ್ತಾರಲ್ಲ, ಅದೇ ಕಥೆ! ಆಡುಮಾತಿನಲ್ಲಿ ಹಕಾರ ಬಿದ್ದುಹೋಗುತ್ತಿದ್ದ ಕಡೆ ಮಾತ್ರ ಇಂಥ ತಪ್ಪು ಹುಟ್ಟುತ್ತದೆ. ಒಂದು ಗೇಲಿಯಿಂದ ಒಂದು ಊರಿನ ಉಚ್ಚಾರ ತಿಳಿಯುತ್ತದೆ. ಇದನ್ನು ಊಹೆ ಅನ್ನಬೇಡಿ ದಯವಿಟ್ಟು.

ಈ ಕೆಲಸ ನಿನ್ನೆ ಮೊನ್ನೆಯದೂ ಅಲ್ಲ. 1528ರಲ್ಲೇ ಎರಾಸ್ಮಸ್ ಎಂಬ ವಿದ್ವಾಂಸ ಹಳೆಯ ಉಚ್ಚಾರ ಹೀಗಿತ್ತು ಎಂದು ವಾದ ಮಾಡಿ ಪುಸ್ತಕ ಬರೆದಿದ್ದ.

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. ‘ಸಿ’ ಯಾವಾಗಲೂ ಕ್ ಆಗಿದ್ದರೆ ‘ಕೆ’, ‘ಕ್ಯೂ’ ಯಾಕೆ ಬಂದವು? ಒಂದು ಧ್ವನಿಗೆ ಮೂರು ಅಕ್ಷರ ಯಾಕೆ?

ರೋಮನ್ನರಿಗೆ ಲಿಪಿ ಸಿಕ್ಕಿದ್ದು ನೆರೆಯ ಎಟ್ರಸ್ಕನ್ನರ ಮೂಲಕ. ಅವರಲ್ಲಿ ಒಂದು ಪದ್ಧತಿ ಇತ್ತು: ಎ, ಇ ಸ್ವರಗಳ ಮುಂದೆ ‘ಸಿ’, ಅ ಮುಂದೆ ‘ಕೆ’, ಉ ಮುಂದೆ ‘ಕ್ಯೂ’. ಹಾಗಾಗಿ ರೋಮನ್ನರ ಬಾಯಲ್ಲಿ ಈ ಅಕ್ಷರಗಳ ಹೆಸರು ಕೇ, ಕಾ, ಕೂ. ಮುಂದೆ ‘ಸಿ’ ಹೆಚ್ಚು ಕಡಿಮೆ ಎಲ್ಲ ಕೆಲಸವನ್ನೂ ಹೊತ್ತುಕೊಂಡಿತು. ‘ಕ್ಯೂ’ ಉ ಜೊತೆಗೆ ಉಳಿಯಿತು. ‘ಕೆ’ ತಿಂಗಳ ಮೊದಲ ದಿನವಾದ ಕಲೆಂಡೆಯಂಥ ಒಂದೆರಡು ಪದಗಳಲ್ಲಿ ಮಾತ್ರ ನಿಂತಿತು.

ಎಟ್ರಸ್ಕನ್ನರ ಮಾತಿನಲ್ಲಿ ಗ್ ಧ್ವನಿ ಇರಲಿಲ್ಲ. ಹಾಗಾಗಿ ರೋಮನ್ನರು ಮೊದಮೊದಲು ಕ್, ಗ್ ಎರಡನ್ನೂ ‘ಸಿ’ಯಲ್ಲೇ ಬರೆದರು. ಆಮೇಲೆ ಅದಕ್ಕೊಂದು ಸಣ್ಣ ಗೆರೆ ಸೇರಿಸಿ ‘ಜಿ’ ಮಾಡಿದರು. ಕ್ರಿ.ಪೂ. ಮೂರನೇ ಶತಮಾನದ ಸ್ಪುರಿಯುಸ್ ಕಾರ್ವಿಲಿಯುಸ್ ಎಂಬ ಶಾಲೆ ಮೇಷ್ಟ್ರಿಗೆ ಇದರ ಕೀರ್ತಿಯನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ಕೊಡುತ್ತಾನೆ. ಹೆಸರುಗಳ ಹ್ರಸ್ವರೂಪದಲ್ಲಿ ಮಾತ್ರ ಹಳೆಯದು ಅಳಿಯಲಿಲ್ಲ. ಗಾಯುಸ್ ಎಂಬ ಹೆಸರಿಗೆ ಕೊನೆಯವರೆಗೂ ‘ಸಿ’ ಎಂದೇ ಬರೆದರು.

ಹೊಸ ‘ಜಿ’ಗೆ ಸಾಲಿನಲ್ಲಿ ಜಾಗ ಬೇಕಿತ್ತು. ಏಳನೇ ಜಾಗದಲ್ಲಿದ್ದ ‘ಝಡ್’ ಲ್ಯಾಟಿನ್‌ಗೆ ಬೇಕಿರಲಿಲ್ಲ, ಅದನ್ನು ಕೈಬಿಟ್ಟಿದ್ದರು. ‘ಜಿ’ ಅಲ್ಲಿ ಬಂದು ಕೂತಿತು. ಕ್ರಿ.ಪೂ. ಒಂದನೇ ಶತಮಾನದಲ್ಲಿ ಗ್ರೀಕ್ ಪದಗಳು ಜಾಸ್ತಿಯಾಗಿ, ‘ವೈ’ ಜೊತೆಗೆ ‘ಝಡ್’ ಕೂಡ ಮತ್ತೆ ಬೇಕಾಯಿತು. ಹಳೆಯ ಜಾಗ ಖಾಲಿ ಇರಲಿಲ್ಲ, ಎರಡೂ ಸಾಲಿನ ತುದಿಗೆ ಹೋದವು. ಅಲ್ಲಿಗೆ ಅಕ್ಷರಗಳು 23 ಆದವು. ‘ಜೆ’, ‘ಯು’, ‘ಡಬ್ಲ್ಯು’ ಬೇರೆ ಬೇರೆ ಅಕ್ಷರಗಳಾಗಿ ಲೆಕ್ಕ 26 ಆದದ್ದು ರೋಮ್ ಬಿದ್ದು ಎಷ್ಟೋ ಶತಮಾನ ಕಳೆದ ಮೇಲೆ.