ಸಿರ್ಸಿ ಜಗಲಿಗೆ ಧಾರವಾಡ ಬಂದಿದ್ದು ಹೆಂಗೆ

ಕಾರವಾರದಲ್ಲಿ ನಮ್ಮದೇ ಜಿಲ್ಲೆ ಆಕಾಶವಾಣಿ ಇದೆ, ಎಫ್‌ಎಂ 102.3. ಆದ್ರೂ ಸಿರ್ಸಿ ಬದಿ ಹಳ್ಳಿಮನೇಲಿ ರಾತ್ರಿ ಜಗಲಿ ಮೇಲೆ ಅಡಿಕೆ ಸುಲೀತಾ ಕೂತೋರಿಗೆ ರೇಡಿಯೋ ಅಂದ್ರೆ ಧಾರವಾಡನೇ. ಪ್ರದೇಶ ಸಮಾಚಾರ, ಕೃಷಿರಂಗ ಎಲ್ಲಾ ಅಲ್ಲಿಂದನೇ.

ಇದಕ್ಕೆ ಒಂದು ಕಾರಣ ಹಳೇ ನಕ್ಷೆ. ಮೈಸೂರಲ್ಲಿ ಗೋಪಾಲಸ್ವಾಮಿ ಅನ್ನೋ ಮೇಷ್ಟ್ರು 1935ರಲ್ಲೇ ಸ್ವಂತ ಆಸಕ್ತಿಯಿಂದ ರೇಡಿಯೋ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಇಡೀ ದೇಶಕ್ಕೆ ಹೋಗಿದ್ದು ಅಲ್ಲಿಂದನೇ, ಆದ್ರೆ ಅದು ಬರೀ 30 ವ್ಯಾಟಿನ ಟ್ರಾನ್ಸ್‌ಮಿಟರ್, ನಮ್ಮ ಕಡೆ ಎಲ್ಲಿ ಮುಟ್ಟಬೇಕು! 1950ರ ಜನವರಿ 8ಕ್ಕೆ ಧಾರವಾಡ ಕೇಂದ್ರ ಶುರುವಾದಾಗ ಧಾರವಾಡನೂ ಕಾರವಾರನೂ ಮುಂಬೈ ಪ್ರಾಂತ್ಯದಲ್ಲಿದ್ವು. ಅಂದ್ರೆ ಏಕೀಕರಣ ಆಗೋದು 1956ರಲ್ಲಿ, ಅದಕ್ಕೆ ಆರು ವರ್ಷ ಮೊದ್ಲೇ ನಮ್ಮ ಕಡೆ ರೇಡಿಯೋದಲ್ಲಿ ಕನ್ನಡ ಕೇಳೋಕೆ ಶುರುವಾಗಿತ್ತು. ಕೊಂಕಣಿ, ಮರಾಠಿ ತುಂಬಿದ್ದ ಕರಾವಳಿಗೆ ಇದು ಸಣ್ಣ ವಿಷ್ಯ ಅಲ್ಲ ಅಂತ ನಂಗನ್ಸತ್ತೆ. ಬೇಂದ್ರೆಯವ್ರು ಆ ಕೇಂದ್ರಕ್ಕೆ ಸಲಹೆಗಾರರಾಗಿದ್ರು, ಸಂಗೀತಕ್ಕೆ ಮಲ್ಲಿಕಾರ್ಜುನ ಮನ್ಸೂರರು. ಈಗ ಅಂಥೋರನ್ನ ಯಾವ ಚಾನೆಲ್ ಕೂರಿಸ್ಕೊಳ್ಳತ್ತೆ ಹೇಳಿ.

ಇನ್ನೊಂದು ಕಾರಣ ಘಟ್ಟ. ಮೀಡಿಯಂ ವೇವ್ ಅಲೆ ನೆಲ ಹಿಡ್ಕೊಂಡು ಗುಡ್ಡ ದಾಟಿ ಬರತ್ತೆ, ರಾತ್ರಿಯಂತೂ ಮೇಲಿನ ವಾತಾವರಣಕ್ಕೆ ತಾಗಿ ವಾಪಸ್ ಬಂದು ಇನ್ನೂ ದೂರ ಹೋಗತ್ತೆ, ಕರಕರ ಅಂದ್ರೂ ಕೇಳಸತ್ತೆ. ಎಫ್‌ಎಂ ಹಂಗಲ್ಲ, ಸ್ವಚ್ಛ ಕೇಳ್ತದೆ ಆದ್ರೆ ಹೆಚ್ಚುಕಮ್ಮಿ ನೇರ ಹೋಗೋದು, ಅಡ್ಡ ಗುಡ್ಡ ಬಂತೋ ಮುಗೀತು. ಹಂಗಾಗಿ ಕಾರವಾರ ಎಫ್‌ಎಂ ಕಡಲ ಬದಿಯೋರಿಗೆ ಹತ್ರ, ಘಟ್ಟದ ಮೇಲಿನೋರಿಗೆ ದೂರ.

ಶಾಲೆಗೂ ರೇಡಿಯೋ ಬಂತು. ಚಿಣ್ಣರ ಚುಕ್ಕಿ, ಕೇಳಿ ಕಲಿ ಅನ್ನೋ ರೇಡಿಯೋ ಪಾಠದ ಹೊತ್ತಿಗೆ ಮೇಷ್ಟ್ರು ಸೆಟ್ ತಂದು ಟೇಬಲ್ ಮೇಲಿಡೋರು, ಅದು ಹೇಳ್ದಂಗೆ ಮಕ್ಳು ಹಾಡೋದು, ಉತ್ತರ ಕೂಗೋದು. ಬ್ಯಾಟರಿ ಮುಗಿದ ದಿನ ಪಾಠನೂ ಇಲ್ಲ, ಅದು ಬೇರೆ.

ನಮ್ಮ ಜಿಲ್ಲೆಯ ಹಾಲಕ್ಕಿ ಸಮುದಾಯದ ಹಾಡುಗಳ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದಿದ್ದು 2017ರಲ್ಲಿ, ಆದ್ರೆ ಅವರ ಹಾಡನ್ನ ಆಕಾಶವಾಣಿ ಅದಕ್ಕೂ ಬಹಳ ಮೊದ್ಲೇ ರೆಕಾರ್ಡ್ ಮಾಡಿತ್ತು. ಬಾಯಿಂದ ಬಾಯಿಗೆ ಬಂದ ಹಾಡು, ಪುಸ್ತಕದಲ್ಲಿ ಅಕ್ಷರ ಸಿಗಬಹುದು, ಧಾಟಿ ಸಿಗಲ್ಲ.

ಈಗ ಪ್ರಸಾರ ಭಾರತಿ ದೇಶದ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನ ಒಂದೊಂದಾಗಿ ನಿಲ್ಲಿಸ್ತಾ ಬಂದಿದೆ, ಎಲ್ಲಾ ಕೇಂದ್ರನೂ ಆಪಲ್ಲಿ ಕೇಳಿ ಅಂತಾರೆ. ನಮ್ಮನೇಲಿ ನೆಟ್‌ವರ್ಕ್ ಬೇಕು ಅಂದ್ರೆ ಕೊಟ್ಟಿಗೆ ಹಿಂದಿನ ಧರೆ ಹತ್ತಿ ನಿಲ್ಲಬೇಕು, ಅಡಿಕೆ ಬುಟ್ಟಿ ಹೊತ್ಕೊಂಡು ಅಲ್ಲಿಗೆ ಯಾರು ಹೋಗ್ತಾರೆ?