ತೋಟದ ಮನೆಗೆ ಕೊಟ್ಟ ದುಡ್ಡು ಊರಿಗೆ ಸೇರುತ್ತಾ?

ಓದುಗರ ಪ್ರಶ್ನೆ: ನಂದಿ ಬೆಟ್ಟದ ಸುತ್ತಮುತ್ತ ಈಗ ಎಲ್ಲಿ ನೋಡಿದರೂ ಫಾರ್ಮ್ ಸ್ಟೇ. ಮಕ್ಕಳನ್ನು ಕರಕೊಂಡು ಹೋಗಬೇಕು ಅಂತಿದ್ದೇವೆ. ನಾವು ಕೊಡುವ ದುಡ್ಡು ಹಳ್ಳಿಯವರಿಗೆ ಸಿಗುತ್ತಾ? ಬುಕ್ ಮಾಡುವ ಮೊದಲೇ ತಿಳಿಯೋದು ಹೇಗೆ?

ಉತ್ತರ: ಸಿಗುತ್ತದೆ, ಆದರೆ ಎಲ್ಲ ಕಡೆಯೂ ಅಲ್ಲ. ಫೋನ್ ಮಾಡಿದಾಗ ಬಾಡಿಗೆ ಎಷ್ಟು ಅನ್ನುವ ಮೊದಲು ನೀರು ಎಲ್ಲಿಂದ ಅಂತ ಕೇಳಿ.

ಅರ್ಕಾವತಿ, ಪಿನಾಕಿನಿ ಹುಟ್ಟೋದು ಈ ಬೆಟ್ಟದ ಸಾಲಿನಲ್ಲೇ. ಆದರೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ರೈತರು ಸಾಲ ಮಾಡಿ 1,000 ಅಡಿ ದಾಟಿ ಬೋರ್ ಕೊರೆಸುತ್ತಾರೆ. ಸಿಕ್ಕಷ್ಟು ನೀರನ್ನು ಡ್ರಿಪ್‌ನಲ್ಲಿ ಹನಿಹನಿಯಾಗಿ ದ್ರಾಕ್ಷಿಗೆ, ಹೂವಿಗೆ ಬಿಡುತ್ತಾರೆ. ಅದರ ಪಕ್ಕದಲ್ಲೇ 10 ಮೀಟರ್ ಉದ್ದ, 5 ಮೀಟರ್ ಅಗಲದ ಈಜುಕೊಳ ಇದೆ ಅಂದುಕೊಳ್ಳಿ. ಎದೆಮಟ್ಟ ತುಂಬಿಸಲು ಸುಮಾರು 60,000 ಲೀಟರ್ ಬೇಕು. ಅಂದರೆ 5,000 ಲೀಟರಿನ 12 ಟ್ಯಾಂಕರ್. ಆ ನೀರು ಬರೋದೂ ಅದೇ ನೆಲದಡಿಯಿಂದ ಅಲ್ವಾ? ಹಾಗಾಗಿ ಈಜುಕೊಳ ಇರುವ ಕಡೆ ನಾನಂತೂ ಉಳಿಯಲ್ಲ. ಮಳೆನೀರಿಗೆ ಕೃಷಿ ಹೊಂಡ ಮಾಡಿಕೊಂಡ ತೋಟ ಸಿಕ್ಕರೆ ಎರಡು ರೂಪಾಯಿ ಜಾಸ್ತಿಯಾದರೂ ಅಲ್ಲಿಗೇ ಹೋಗಿ.

ಆಮೇಲೆ ಅಡುಗೆ ಯಾರದು ಅಂತ ವಿಚಾರಿಸಿ. ಊರಿನ ಹೆಣ್ಣುಮಕ್ಕಳು ಮುದ್ದೆ, ಬಸ್ಸಾರು ಮಾಡಿ ಬಡಿಸಿದರೆ ಕೂಲಿಯೂ ಊರಲ್ಲೇ ಉಳಿಯುತ್ತದೆ, ರಾಗಿ ಸೊಪ್ಪಿನ ದುಡ್ಡೂ ಉಳಿಯುತ್ತದೆ. ಊಟ ಬೆಂಗಳೂರಿಂದ ವ್ಯಾನಲ್ಲಿ ಬಂದರೆ ಊರಿನವರಿಗೆ ಸಿಗೋದು ಗೇಟು ಕಾಯುವ ಕೆಲಸ ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಹೋದರೆ ಸೊಗಡಿನ ಅವರೆಕಾಯಿ ಇರುತ್ತದೆ, ಹಿತಕಿದ ಬೇಳೆ ಸಾರು ಕೇಳಿ ಮಾಡಿಸಿಕೊಳ್ಳಿ. ಮನೆಗೆ ಬೇಕಾದ ಕಾಯಿಯನ್ನೂ ತೋಟದಲ್ಲೇ ಕೊಳ್ಳಿ. ದಯವಿಟ್ಟು ಚೌಕಾಸಿ ಬೇಡ. ಮಂಡಿ ಕಮಿಷನ್, ಸಾಗಾಟ ಎಲ್ಲ ಕಳೆದರೆ ರೈತರ ಕೈಗೆ ಬರೋದೇ ಕಡಿಮೆ.

ಶಿಡ್ಲಘಟ್ಟ ಕಡೆ ಹೋದರೆ ಮಕ್ಕಳು ರೇಷ್ಮೆ ಹುಳು ನೋಡಬೇಕು ಅಂತ ಹಟ ಮಾಡೇ ಮಾಡುತ್ತಾರೆ. ಖಂಡಿತ ತೋರಿಸಿ, ಆದರೆ ಮನೆಯವರು ಕರೆದರೆ ಮಾತ್ರ ಒಳಗೆ ಹೋಗಿ. ಹುಳು ಗೂಡು ಕಟ್ಟುವ ಹೊತ್ತಿಗೆ ಸುಮಾರು 25 ದಿನದ ದುಡಿಮೆ ಅದರ ಮೇಲೆ ಬಿದ್ದಿರುತ್ತದೆ. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ರೋಗ ತಗಲದಂತೆ ಕಾಯಬೇಕು. ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದೇ ಒಳಗೆ ಕಾಲಿಡಿ. ಸೊಳ್ಳೆಗೆ ಅಂತ ಮೈಗೆ ಕ್ರೀಮ್, ಬಟ್ಟೆಗೆ ಸ್ಪ್ರೇ ಹಾಕಿಕೊಂಡಿದ್ದರೆ ಹೊರಗೇ ನಿಲ್ಲಿ. ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ರಾತ್ರಿ ರೂಮಿನಲ್ಲಿ ಸೊಳ್ಳೆಬತ್ತಿ ಹಚ್ಚುವ ಮೊದಲೂ ಒಂದು ಮಾತು ಕೇಳಿ. ಹುಳುಮನೆ ಹತ್ತಿರದಲ್ಲೇ ಇದ್ದರೆ ಸೊಳ್ಳೆಪರದೆ ಕೊಡಿ ಅನ್ನಿ, ಬಹಳ ಮನೆಗಳಲ್ಲಿ ಇರುತ್ತದೆ.